ಕೊಡುವವರ ಧರ್ಮ, ಕೇಳುವವರ ಧರ್ಮ

ಶರನ್ನವರಾತ್ರಿಯ ಒಂಬತ್ತು ದಿನಗಳೂ ನಾವು ಜಗನ್ಮಾತೆಯ ಸನ್ನಿಧಿಯಲ್ಲಿ ಕೈಯೊಡ್ಡಿ ನಿಲ್ಲುತ್ತೇವೆ. ಆಯುರಾರೋಗ್ಯವನ್ನು ಬೇಡುತ್ತೇವೆ, ಐಶ್ವರ್ಯವನ್ನು ಬೇಡುತ್ತೇವೆ, ಮಕ್ಕಳ ಅಭ್ಯುದಯವನ್ನು ಬೇಡುತ್ತೇವೆ. ತಾಯಿಯನ್ನು ಬೇಡಲು ಸಂಕೋಚವೇಕೆ? ಅವಳ ಭಂಡಾರ ಬರಿದಾಗುವಂಥದಲ್ಲ. ಆದರೆ ಮನುಷ್ಯನು ಮನುಷ್ಯನಿಂದ ಏನನ್ನು ಬೇಡಬಹುದು, ಏನನ್ನು ಬೇಡಬಾರದು? ದಾನದ ಮಹಿಮೆಯನ್ನು ಕೊಂಡಾಡಿದಷ್ಟು ಯಾಚನೆಯ ಧರ್ಮವನ್ನು ನಾವು ವಿಚಾರಿಸಿಲ್ಲ. ನಮ್ಮ ಕಾಲದಲ್ಲಿ ಈ ಪ್ರಶ್ನೆ ಗ್ರಂಥಗಳಿಂದ ಇಳಿದು ಮನೆಯ ಹೊಸ್ತಿಲಿಗೇ ಬಂದು ನಿಂತಿದೆ. ಮೂತ್ರಪಿಂಡದ ಕಸಿಯೆಂಬ ಚಿಕಿತ್ಸೆ ಅದನ್ನು ತಂದು ನಿಲ್ಲಿಸಿದೆ.

ಯಮುನೆಯ ಪೂರ್ವ ದಂಡೆಯ ಈ ಲಕ್ಷ್ಮೀ ನಗರದಲ್ಲಿ ಉದ್ಯೋಗ, ವಿದ್ಯಾಭ್ಯಾಸಗಳ ನಿಮಿತ್ತ ಬಂದು ನೆಲೆಸಿದ ಸಂಸಾರಗಳು ಬಹಳ. ಅಂಥ ಒಂದು ಮನೆಯ ಯಜಮಾನನಿಗೆ ಮಧುಮೇಹದಿಂದಲೋ ರಕ್ತದೊತ್ತಡದಿಂದಲೋ ಎರಡು ಮೂತ್ರಪಿಂಡಗಳೂ ಸೋತವೆಂದು ಭಾವಿಸೋಣ. ವಾರಕ್ಕೆ ಎರಡು ಮೂರು ಬಾರಿ, ಪ್ರತಿ ಸಲವೂ ಸುಮಾರು ನಾಲ್ಕು ಗಂಟೆಗಳ ಕಾಲ, ಡಯಾಲಿಸಿಸ್ ಯಂತ್ರ ಅವನ ರಕ್ತವನ್ನು ಶೋಧಿಸಬೇಕು. ಒಂದು ದಿನ ವೈದ್ಯರು, "ಮನೆಯವರಲ್ಲಿ ಕೊಡುವವರು ಯಾರಾದರೂ ಇದ್ದಾರೆಯೇ?" ಎಂದು ವಿಚಾರಿಸುತ್ತಾರೆ. ಆ ಸಂಜೆ ಮನೆಯಲ್ಲಿ ಯಾರೂ ಯಾರನ್ನೂ ಬಾಯಿಬಿಟ್ಟು ಕೇಳುವುದಿಲ್ಲ. ಆದರೂ ಆ ಪ್ರಶ್ನೆ ಎಲ್ಲರಿಗೂ ಕೇಳಿಸುತ್ತಲೇ ಇರುತ್ತದೆ.

ಚಿಕಿತ್ಸೆಯ ಫಲದ ವಿಷಯದಲ್ಲಿ ಸಂದೇಹಕ್ಕೆ ಎಡೆಯಿಲ್ಲ. 1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆಯವರು ರೊನಾಲ್ಡ್ ಹೆರಿಕ್ ಎಂಬುವನ ಮೂತ್ರಪಿಂಡವನ್ನು ಅವನ ಅವಳಿ ಸಹೋದರ ರಿಚರ್ಡನಿಗೆ ಕಸಿಮಾಡಿ ಯಶಸ್ವಿಯಾದರು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಈ ಚಿಕಿತ್ಸೆ ಸಫಲವಾಯಿತು. ಮರುವರ್ಷ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಆರಂಭವಾಯಿತು. ಪರಕೀಯ ಅಂಗವನ್ನು ದೇಹ ತಿರಸ್ಕರಿಸದಂತೆ ತಡೆಯುವ ಸೈಕ್ಲೋಸ್ಪೊರಿನ್ ಎಂಬ ಔಷಧ 1980ರ ದಶಕದಲ್ಲಿ ಬಳಕೆಗೆ ಬಂದ ಮೇಲೆ ಅವಳಿಗಳಲ್ಲದವರ ನಡುವಣ ಕಸಿಗೂ ಧೈರ್ಯ ಬಂದಿತು. ಅಮೆರಿಕದಲ್ಲಿ ನಡೆದು 1999ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನವು ಮೃತ ದಾನಿಗಳ ಮೂತ್ರಪಿಂಡ ಪಡೆದವರನ್ನು, ಡಯಾಲಿಸಿಸ್ ಮಾಡಿಸಿಕೊಳ್ಳುತ್ತ ಕಾಯುವ ಪಟ್ಟಿಯಲ್ಲಿಯೇ ಉಳಿದವರೊಡನೆ ಹೋಲಿಸಿತು. ಶಸ್ತ್ರಚಿಕಿತ್ಸೆಯ ಮೊದಲ ವಾರಗಳಲ್ಲಿ ಕಸಿಯಾದವರಿಗೇ ಅಪಾಯ ಹೆಚ್ಚು. ಆದರೆ ದೀರ್ಘಕಾಲದ ಲೆಕ್ಕದಲ್ಲಿ ಅವರ ಸಾವಿನ ಸಂಭವ ಶೇಕಡಾ 48ರಿಂದ 82ರಷ್ಟು ಕಡಮೆಯೆಂದು ತಿಳಿದುಬಂದಿತು.

ಪಡೆದವನಿಗೆ ಲಾಭವಾಯಿತು, ಕೊಟ್ಟವನ ಗತಿ? ಅಮೆರಿಕದ ಎಂಬತ್ತು ಸಾವಿರಕ್ಕೂ ಹೆಚ್ಚು ಜೀವಂತ ದಾನಿಗಳ ದಾಖಲೆಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಶಸ್ತ್ರಚಿಕಿತ್ಸೆಯಾದ ತೊಂಬತ್ತು ದಿನಗಳೊಳಗೆ ಮರಣಿಸಿದವರು ಹತ್ತು ಸಾವಿರಕ್ಕೆ ಮೂವರು. 2014ರಲ್ಲಿ ಬಂದ ಇನ್ನೊಂದು ವರದಿ, ಜೀವಮಾನದಲ್ಲಿ ಮೂತ್ರಪಿಂಡ ಪೂರ್ಣವಾಗಿ ಸೋಲುವ ಸಂಭವ ಆರೋಗ್ಯವಂತರಾದ ದಾನ ಮಾಡದವರಲ್ಲಿ ಹತ್ತು ಸಾವಿರಕ್ಕೆ 14 ಆದರೆ ದಾನಿಗಳಲ್ಲಿ 90 ಎಂದು ಅಂದಾಜು ಮಾಡಿತು. ಅಪಾಯ ಅಲ್ಪವಾದದ್ದು, ಆದರೆ ಶೂನ್ಯವಲ್ಲ. ಕೊಡುವವರು ಕೊಡುವುದು ತಮ್ಮ ಭವಿಷ್ಯದ ಒಂದು ಭಾಗವನ್ನೇ. ಆದ್ದರಿಂದಲೇ ಅದನ್ನು ಹೇಗೆ ಕೇಳಬೇಕೆಂಬುದು ಧರ್ಮಸೂಕ್ಷ್ಮದ ವಿಷಯವಾಗುತ್ತದೆ.

ಮಹಾಭಾರತದ ಯಯಾತಿಯ ಉಪಾಖ್ಯಾನವನ್ನು ಇಲ್ಲಿ ಸ್ಮರಿಸಬಹುದು. ಶುಕ್ರಾಚಾರ್ಯರ ಶಾಪದಿಂದ ಅಕಾಲ ವಾರ್ಧಕ್ಯವನ್ನು ಪಡೆದ ಆ ದೊರೆ ತನ್ನ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಅವರ ಯೌವನವನ್ನು ಬೇಡಿದನು. ಒಲ್ಲೆನೆಂದ ನಾಲ್ವರಿಗೆ ಶಾಪ ದೊರೆಯಿತು. ಒಪ್ಪಿದ ಪೂರುವಿಗೆ ಮುಂದೆ ರಾಜ್ಯ ದೊರೆಯಿತು. ಪೂರುವಿನ ತ್ಯಾಗ ದೊಡ್ಡದೆಂಬುದರಲ್ಲಿ ಸಂಶಯವಿಲ್ಲ. ಆದರೆ ಒಲ್ಲೆನೆಂದರೆ ಶಾಪವೆಂದಾದ ಮೇಲೆ ಅದು ಯಾಚನೆಯೋ ಆಜ್ಞೆಯೋ? ಗಿರೀಶ ಕಾರ್ನಾಡರು 1961ರ ತಮ್ಮ 'ಯಯಾತಿ' ನಾಟಕದಲ್ಲಿ ಮತ್ತೊಂದು ಪ್ರಶ್ನೆಯನ್ನೆತ್ತಿದರು. ಪೂರುವಿನ ಪತ್ನಿ ಚಿತ್ರಲೇಖೆಯ ಸಮ್ಮತಿಯನ್ನು ಯಾರು ಕೇಳಿದರು?

ಈ ಕಥೆಯ ಪಕ್ಕದಲ್ಲಿ ಬಾಸ್ಟನ್ನಿನ ಅವಳಿ ಸಹೋದರರನ್ನು ನಿಲ್ಲಿಸಿ ನೋಡಿರಿ. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ರೋಗಿಯಾದ ರಿಚರ್ಡನು, ಆಸ್ಪತ್ರೆ ಬಿಟ್ಟು ಮನೆಗೆ ಹೊರಟುಹೋಗೆಂದು ಸಹೋದರನಿಗೆ ಚೀಟಿ ಬರೆದು ಕಳುಹಿಸಿದನಂತೆ. ತಾನು ಹೋಗುವುದಿಲ್ಲ, ಇಲ್ಲಿಯೇ ಇರುವೆನೆಂದು ರೊನಾಲ್ಡನ ಉತ್ತರ ಬಂದಿತು. ಆ ದಾನದಿಂದ ರಿಚರ್ಡನು ಎಂಟು ವರ್ಷ ಹೆಚ್ಚು ಬದುಕಿದನು. ಕೊಟ್ಟ ರೊನಾಲ್ಡನು 2010ರವರೆಗೂ ಬಾಳಿದನು. ತನ್ನ ಪ್ರಾಣವೇ ಹೋಗುವ ಹೊತ್ತಿನಲ್ಲಿ ಕೊಡುವವನ ಬಂಧನವನ್ನು ಪಡೆಯುವವನೇ ಬಿಡಿಸಿದನು. ಹಾಗೆ ಬಿಡಿಸಿದ್ದರಿಂದಲೇ ರೊನಾಲ್ಡನು ಕೊಟ್ಟದ್ದು ಪೂರ್ಣಾರ್ಥದಲ್ಲಿ ದಾನವಾಯಿತು. ಇಲ್ಲವೆನ್ನುವ ಬಾಗಿಲು ತೆರೆದಿದ್ದರೆ ಮಾತ್ರ ಹೌದೆಂಬ ಮಾತಿಗೆ ಬೆಲೆ.

ನಮ್ಮ ಮನೆಗಳಲ್ಲಿ ಆ ಬಾಗಿಲು ಎಲ್ಲರಿಗೂ ಸಮನಾಗಿ ತೆರೆದಿದೆಯೇ? 1995ರಿಂದ 2021ರವರೆಗೆ ಭಾರತದಲ್ಲಿ ಅಂಗಾಂಗ ಕಸಿ ಪಡೆದವರ ಲೆಕ್ಕ ನೋಡಿದರೆ ಐವರಲ್ಲಿ ಸುಮಾರು ನಾಲ್ವರು ಗಂಡಸರು. ಜೀವಂತ ದಾನಿಗಳಲ್ಲಿಯಾದರೋ ಹೆಚ್ಚಿನವರು ಹೆಂಗಸರು: ತಾಯಿ, ಹೆಂಡತಿ, ಅಕ್ಕ, ತಂಗಿ. ಇದರಲ್ಲಿ ಪ್ರೀತಿಯ ಪಾಲು ದೊಡ್ಡದು. ಅದನ್ನು ಅಲ್ಲಗಳೆಯುವವನು ಕೃತಘ್ನ. ಆದರೆ ಹೆಂಡತಿಗೇ ಕಾಯಿಲೆಯಾದಾಗ ಗಂಡನ ಕಡೆಯಿಂದ ಅದೇ ಪ್ರೀತಿ ಅಷ್ಟೇ ಸಂಖ್ಯೆಯಲ್ಲಿ ಹರಿಯದಿರುವುದೇಕೆ? ದುಡಿಯುವ ಕೈಗೆ ಧಕ್ಕೆಯಾಗಬಾರದೆಂಬ ಸಮಾಧಾನವನ್ನು ಹೇಳುತ್ತೇವೆ. ಅಡಿಗೆಮನೆಯಲ್ಲಿ ದಿನವಿಡೀ ದುಡಿಯುವ ಕೈಯನ್ನು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಹಾನವಮಿಯಂದು ಶಕ್ತಿಸ್ವರೂಪಿಣಿಯೆಂದು ಸ್ತ್ರೀಯನ್ನು ಪೂಜಿಸಿ, ಆಸ್ಪತ್ರೆಯ ಕಾಗದದ ಮೇಲೆ ಅವಳ ಸಹಿಯನ್ನು ಸಹಜವೆಂಬಂತೆ ನಿರೀಕ್ಷಿಸುವುದು ಪೂಜೆಗೆ ಅಪಚಾರವಲ್ಲವೇ?

ಹಾಗಾದರೆ ಮನೆಯವರನ್ನು ಬಿಟ್ಟು ಹೊರಗೆ ಹಣ ಕೊಟ್ಟು ಪಡೆಯಬಹುದೆಂದು ಯೋಚಿಸಿದವರೂ ಉಂಟು. ಲಕ್ಷ್ಮಿಯ ಹೆಸರಿನ ನಗರದಲ್ಲಿ ವಾಸಿಸಿದರೂ ಲಕ್ಷ್ಮಿಗೆ ಒಲಿಯಬಾರದ ಕೆಲವು ವಸ್ತುಗಳಿವೆಯೆಂಬುದನ್ನು ನಾವು ಮರೆಯಬಾರದು. ಮೂತ್ರಪಿಂಡ ಮಾರಿದ ಚೆನ್ನೈನ 305 ಮಂದಿಯನ್ನು ಮಾತನಾಡಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಮನ ಕರಗಿಸುವಂಥದು. ಅವರಲ್ಲಿ ಶೇಕಡಾ 96 ಮಂದಿ ಸಾಲ ತೀರಿಸಲೆಂದು ಮಾರಿದವರು. ಸರಾಸರಿ ಆರು ವರ್ಷಗಳ ತರುವಾಯವೂ ಹಾಗೆ ಮಾರಿದವರಲ್ಲಿ ಮುಕ್ಕಾಲು ಪಾಲು ಜನರ ಸಾಲ ಹಾಗೆಯೇ ಇತ್ತು. ಕುಟುಂಬದ ವರಮಾನ ಮೂರನೆಯ ಒಂದರಷ್ಟು ಕುಗ್ಗಿತ್ತು. ಶೇಕಡಾ 86 ಮಂದಿ ತಮ್ಮ ಆರೋಗ್ಯ ಕೆಟ್ಟಿತೆಂದರು. ಅಂಗಗಳ ಕ್ರಯವಿಕ್ರಯವನ್ನು 1994ರ ಕಾಯಿದೆ ನಿಷೇಧಿಸಿತು. ಆದರೂ 2008ರಲ್ಲಿ, ನಮಗೆ ಬಹುದೂರವಲ್ಲದ ಗುರಗಾಂವಿನಲ್ಲಿಯೇ, ಬಡ ಕೂಲಿಕಾರರ ಮೂತ್ರಪಿಂಡಗಳನ್ನು ಮಾರುತ್ತಿದ್ದ ಜಾಲವೊಂದು ಬಯಲಾಯಿತು. ಬಡವನ ಒಪ್ಪಿಗೆಯಲ್ಲಿ ಅವನ ಹಸಿವು ಸಹಿ ಹಾಕುತ್ತದೆ, ಅವನಲ್ಲ.

ಭಗವದ್ಗೀತೆಯ 17ನೆಯ ಅಧ್ಯಾಯ ದಾನವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಪ್ರತ್ಯುಪಕಾರದ ನಿರೀಕ್ಷೆಯಿಂದ ಅಥವಾ ಮನಸ್ಸಿನ ಕ್ಲೇಶದಿಂದ ಕೊಟ್ಟದ್ದು ರಾಜಸ. ಮರಳಿ ಉಪಕಾರ ಮಾಡಲಾರದವನಿಗೆ, ಕೊಡುವುದು ಕರ್ತವ್ಯವೆಂದು ಕೊಟ್ಟದ್ದು ಸಾತ್ತ್ವಿಕ. ಸತ್ತ ಮೇಲೆ ಹೆಸರರಿಯದ ವ್ಯಕ್ತಿಗೆ ಕೊಡುವ ಅಂಗಕ್ಕೆ ಯಾವ ಪ್ರತ್ಯುಪಕಾರವೂ ಸಾಧ್ಯವಿಲ್ಲ. ಕೊಟ್ಟವನ ದೇಹಕ್ಕೆ ಅದರಿಂದ ಯಾವ ಕೇಡೂ ಇಲ್ಲ. ಯಾವ ತಾಯಿಯೂ ಅದಕ್ಕಾಗಿ ಕತ್ತಿಯ ಕೆಳಗೆ ಮಲಗಬೇಕಿಲ್ಲ. ಸಾತ್ತ್ವಿಕ ದಾನದ ಲಕ್ಷಣಕ್ಕೆ ಇದಕ್ಕಿಂತ ಸಮೀಪವಾದುದನ್ನು ಕಾಣುವುದು ಕಷ್ಟ. ಆದರೂ 2023ರಲ್ಲಿ ಇಡೀ ದೇಶದಲ್ಲಿ ಮೃತ ದಾನಿಗಳು ಸುಮಾರು 1,100 ಮಂದಿ ಮಾತ್ರ. ಹತ್ತು ಲಕ್ಷ ಜನಕ್ಕೆ ಒಬ್ಬರೂ ಆಗಲಿಲ್ಲ. ಸ್ಪೇನ್ ದೇಶದಲ್ಲಿ ಅದೇ ಪ್ರಮಾಣ 40ಕ್ಕೂ ಮಿಕ್ಕಿದೆ. ನಾವು ಸತ್ತ ಮೇಲೆ ಕೊಡದಿರುವುದರ ಭಾರವನ್ನು ಬದುಕಿರುವ ನಮ್ಮ ಹೆಣ್ಣುಮಕ್ಕಳು ಹೊರುತ್ತಿದ್ದಾರೆ.

ಅಡ್ಡಿಯೆಲ್ಲಿ? ಯಂತ್ರದ ಬಲದಿಂದ ಎದೆ ಏರಿಳಿಯುತ್ತಿರುವಾಗ ಮಗ ಸತ್ತನೆಂದು ಹೆತ್ತವರು ನಂಬುವುದಾದರೂ ಹೇಗೆ? ಈ ದುಃಖವನ್ನು ಅಜ್ಞಾನವೆಂದು ತಳ್ಳಿಹಾಕಲಾಗದು. ಅದಕ್ಕಾಗಿಯೇ ಕಾಯಿದೆ, ನಾಲ್ವರು ವೈದ್ಯರ ಮಂಡಳಿಯು ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿದ ಮೇಲೆಯೇ ಮಿದುಳಿನ ಸಾವನ್ನು ಸಾರಬೇಕೆಂದು ವಿಧಿಸಿದೆ. ಅಂಗ ತೆಗೆದ ದೇಹಕ್ಕೆ ಉತ್ತರಕ್ರಿಯೆ ಸಲ್ಲುವುದೇ ಎಂಬ ಶಂಕೆಯೂ ಕೆಲವರಿಗುಂಟು. ದೇಹವನ್ನು ಹೊಲಿದು ಗೌರವದಿಂದ ಮನೆಯವರಿಗೆ ಒಪ್ಪಿಸುತ್ತಾರೆ, ಸಂಸ್ಕಾರಕ್ಕೆ ಅಡ್ಡಿಯಿಲ್ಲ. ಅಸುರಸಂಹಾರಕ್ಕೆ ವಜ್ರಾಯುಧ ಬೇಕಾದಾಗ ತನ್ನ ಎಲುಬುಗಳನ್ನೇ ಕೊಟ್ಟ ದಧೀಚಿಯನ್ನು ಯಾವ ಪುರಾಣವೂ ಸದ್ಗತಿಯಿಂದ ವಂಚಿಸಲಿಲ್ಲ.

ಕನ್ನಡಿಗರಿಗೆ ಇನ್ನೂ ಹತ್ತಿರದವನು ಬೇಡರ ಕಣ್ಣಪ್ಪ. ಶಿವಲಿಂಗದ ಕಣ್ಣಲ್ಲಿ ರಕ್ತ ಕಂಡಾಗ ಅವನು ಯಾರೂ ಕೇಳುವ ಮೊದಲೇ ಕೊಟ್ಟನು. ಅವನ ಭಕ್ತಿಯ ಸೊಗಸೆಲ್ಲ ಅಲ್ಲಿದೆ. ಬಾಸ್ಟನ್ನಿನ ಆ ಕಸಿ ನಡೆದ 1954ರಲ್ಲಿಯೇ ತೆರೆಯ ಮೇಲೆ ಕಣ್ಣಪ್ಪನಾಗಿ ಬಂದ ಡಾ. ರಾಜ್‌ಕುಮಾರರು 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರಲ್ಲಿ ಅವರ ಮಗ ಪುನೀತರ ಕಣ್ಣುಗಳೂ. ಅದೇ 2021ರ ಜೂನಿನಲ್ಲಿ ಅಪಘಾತಕ್ಕೀಡಾಗಿ ಮಿದುಳು ನಿಷ್ಕ್ರಿಯಗೊಂಡ ರಾಷ್ಟ್ರಪ್ರಶಸ್ತಿ ವಿಜೇತ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನು ದಾನಮಾಡಲು ಅವರ ಕುಟುಂಬದವರು ಒಪ್ಪಿದರು. ಕರ್ನಾಟಕದಲ್ಲಿ ಈ ಕಾರ್ಯವನ್ನು ನಡೆಸುವ ಸಂಸ್ಥೆಗೆ 'ಜೀವಸಾರ್ಥಕತೆ' ಎಂದು ಹೆಸರಿಟ್ಟವರು ಅರ್ಥವರಿತು ಇಟ್ಟಿದ್ದಾರೆ.

ದೆಹಲಿಯ ಕನ್ನಡಿಗರಾದ ನಾವು ಮಾಡಬಹುದಾದದ್ದು ಇಷ್ಟು. ಸಫ್ದರ್‌ಜಂಗ್ ಆಸ್ಪತ್ರೆಯ ಆವರಣದಲ್ಲಿರುವ ರಾಷ್ಟ್ರೀಯ ಅಂಗಾಂಗ ಮತ್ತು ಅಂಗಾಂಶ ಕಸಿ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಬಹುದು. ಅದಕ್ಕಿಂತ ಮುಖ್ಯವಾಗಿ, ಆ ಮಾತನ್ನು ಮನೆಯವರಿಗೆ ಸ್ಪಷ್ಟವಾಗಿ ತಿಳಿಸಬೇಕು. ಏಕೆಂದರೆ ಕಡೆಯ ಗಳಿಗೆಯಲ್ಲಿ ವೈದ್ಯರು ಕೇಳುವುದು ಅವರನ್ನೇ. ಇನ್ನು ನಮ್ಮ ಮನೆಯಲ್ಲಿಯೇ ಯಾರಾದರೂ ಕೊಡಬೇಕಾದ ಸಂದರ್ಭ ಬಂದರೆ, ಅವರು ವೈದ್ಯರೊಡನೆ ಏಕಾಂತದಲ್ಲಿ ಮಾತನಾಡಿ ಬರಲಿ. ಒಪ್ಪಿ ಬಂದರೆ ನಮಸ್ಕರಿಸೋಣ. ಒಲ್ಲೆನೆಂದು ಬಂದರೆ ಕಾರಣ ಕೇಳದೆ ಮೊದಲಿನಂತೆಯೇ ಆದರಿಸೋಣ. ಎರಡನೆಯದು ಮೊದಲನೆಯದಕ್ಕಿಂತ ಕಠಿನವಾದ ವ್ರತ.

ಬೇಡುವ ಮುನ್ನ ವಿವೇಕವನ್ನೂ, ಬೇಡಿಸಿಕೊಳ್ಳುವ ಮುನ್ನವೇ ಕೊಡುವ ಮನಸ್ಸನ್ನೂ ತಾಯಿ ಚಾಮುಂಡೇಶ್ವರಿಯು ಈ ವಿಜಯದಶಮಿಯಂದು ನಮಗೆಲ್ಲರಿಗೂ ಅನುಗ್ರಹಿಸಲಿ.