ಪುಸ್ತಕ ಸಂಗ್ರಹ ಮತ್ತು ಅಪರಿಗ್ರಹ

ಪತಂಜಲಿಯ ಯೋಗಸೂತ್ರ ಹೇಳುವ ಐದು ಯಮಗಳಲ್ಲಿ ಕೊನೆಯದು ಅಪರಿಗ್ರಹ. ಐದು ನಿಯಮಗಳಲ್ಲಿ ನಾಲ್ಕನೆಯದು ಸ್ವಾಧ್ಯಾಯ. ಕೂಡಿಡಬೇಡ ಎನ್ನುವುದು ಒಂದು ವಿಧಿ, ಓದು ಎನ್ನುವುದು ಇನ್ನೊಂದು. ವಿದ್ಯೆ ಬಾಯಿಂದ ಬಾಯಿಗೆ ಸಾಗುತ್ತಿದ್ದ ಕಾಲದಲ್ಲಿ ಇವೆರಡರ ನಡುವೆ ತಕರಾರಿರಲಿಲ್ಲ. ಕಂಠಪಾಠವಾದದ್ದಕ್ಕೆ ಕಪಾಟು ಬೇಕಿರಲಿಲ್ಲ. ವಿದ್ಯೆ ತಾಳೆಗರಿಗೆ, ಕಾಗದಕ್ಕೆ, ಅಚ್ಚಿಗೆ ಇಳಿದ ಮೇಲೆ ಓದುಗ ವಸ್ತುಗಳ ಒಡೆಯನೂ ಆದ. ವಾರಕ್ಕೊಂದು ಪುಸ್ತಕ ಓದಿ ಮುಗಿಸುವವನು ವಾರಕ್ಕೆ ಮೂರು ಕೊಂಡರೆ ವರ್ಷ ತುಂಬುವ ಹೊತ್ತಿಗೆ ಮನೆಯಲ್ಲಿ ನೂರಕ್ಕೂ ಹೆಚ್ಚು ಪುಸ್ತಕಗಳು ಓದದೆ ಉಳಿದಿರುತ್ತವೆ. ಇದನ್ನು ಸ್ವಾಧ್ಯಾಯದ ಸಿದ್ಧತೆ ಎನ್ನಬೇಕೇ, ಪರಿಗ್ರಹ ಎನ್ನಬೇಕೇ? ಕೆ.ಆರ್.ಎಸ್. ಅಣೆಕಟ್ಟಿನ ಆಸುಪಾಸಿನ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಈ ಪ್ರಶ್ನೆಯನ್ನು ಒರೆಗೆ ಹಚ್ಚಬಲ್ಲ ನಿದರ್ಶನಗಳು ಹಲವಿವೆ.

ಹರಳಹಳ್ಳಿಯ ಪುಸ್ತಕ ಮನೆ

ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯ ‘ಪುಸ್ತಕ ಮನೆ’. ಇದನ್ನು ಕಟ್ಟಿದ ಅಂಕೇಗೌಡರು ಬೇಸಾಯದ ಕುಟುಂಬದಲ್ಲಿ ಹುಟ್ಟಿದವರು. ಮೊದಲು ಬಸ್ ಕಂಡಕ್ಟರ್ ಆಗಿದ್ದು, ಆಮೇಲೆ ಕನ್ನಡ ಎಂ.ಎ. ಓದಿ, ಸುಮಾರು ಮೂರು ದಶಕ ಸಕ್ಕರೆ ಕಾರ್ಖಾನೆಯಲ್ಲಿ ದುಡಿದರು. ಸಂಬಳದ ಬಹುಪಾಲು ಪುಸ್ತಕಕ್ಕೆ ಹೋಯಿತು. ಮೈಸೂರಿನಲ್ಲಿದ್ದ ಆಸ್ತಿಯನ್ನೂ ಇದಕ್ಕಾಗಿಯೇ ಮಾರಿದರು. ಸಂಗ್ರಹದ ಗಾತ್ರ ಇಪ್ಪತ್ತು ಲಕ್ಷದ ಹತ್ತಿರ ಎಂದು ಪತ್ರಿಕೆಗಳು ಬರೆದಿವೆ. ಉದ್ಯಮಿ ಶ್ರೀಹರಿ ಖೋಡೆಯವರ ನೆರವಿನಿಂದ ಕಟ್ಟಡ ಎದ್ದಿತು. ಇಲ್ಲಿಗೆ ಬಂದು ಓದಲು ಸದಸ್ಯತ್ವವೂ ಬೇಡ, ಶುಲ್ಕವೂ ಇಲ್ಲ. 2026ರಲ್ಲಿ ಕೇಂದ್ರ ಸರ್ಕಾರ ಅಂಕೇಗೌಡರಿಗೆ ಪದ್ಮಶ್ರೀ ಘೋಷಿಸಿತು.

ಒಬ್ಬ ಮನುಷ್ಯ ದಿನಕ್ಕೊಂದರಂತೆ ಎಪ್ಪತ್ತು ವರ್ಷ ಬಿಡದೆ ಓದಿದರೂ ಇಪ್ಪತ್ತಾರು ಸಾವಿರ ಪುಸ್ತಕಗಳನ್ನು ದಾಟುವುದು ಕಷ್ಟ. ಹಾಗಾಗಿ ಲಕ್ಷಗಳ ಲೆಕ್ಕದ ಸಂಗ್ರಹವನ್ನು ‘ನನ್ನ ಓದಿಗಾಗಿ’ ಎಂದು ಯಾರೂ ಸಮರ್ಥಿಸಲಾಗದು. ಅದಕ್ಕೆ ಬೇರೆ ಸಮರ್ಥನೆ ಬೇಕು.

ಐದು ದೋಷಗಳು

ಯೋಗಸೂತ್ರಕ್ಕೆ ಬರೆದ ಭಾಷ್ಯದಲ್ಲಿ ವ್ಯಾಸರು ಅಪರಿಗ್ರಹವನ್ನು ವಿವರಿಸುವಾಗ ವಸ್ತುಗಳಿಗೆ ಅಂಟಿಕೊಂಡ ಐದು ದೋಷಗಳನ್ನು ಎಣಿಸುತ್ತಾರೆ: ಗಳಿಸುವ ಕಷ್ಟ, ಕಾಯುವ ಕಷ್ಟ, ಕಳೆದುಕೊಳ್ಳುವ ನೋವು, ಮೋಹ, ಪರಹಿಂಸೆ. ಇವನ್ನು ಕಂಡು ವಸ್ತುವನ್ನು ಕೈಗೆತ್ತಿಕೊಳ್ಳದಿರುವುದೇ ಅಪರಿಗ್ರಹ.

ಪುಸ್ತಕಕ್ಕೆ ಈ ಐದೂ ತಪ್ಪಿದ್ದಲ್ಲ. ಕೊಳ್ಳಲು ದುಡ್ಡು ಬೇಕು, ಆ ದುಡ್ಡು ಮನೆಯ ಬೇರೆ ಖರ್ಚಿನಿಂದ ಬರಬೇಕು. ತಂದಿಟ್ಟದ್ದನ್ನು ಗೆದ್ದಲು, ಪುಸ್ತಕದ ಹುಳು, ಮಳೆಗಾಲದ ತೇವಗಳಿಂದ ಕಾಯಬೇಕು. ಎರವಲು ಕೊಟ್ಟದ್ದು ಮರಳಿ ಬಾರದಿದ್ದರೆ ಸಂಕಟ. ಮೊದಲ ಮುದ್ರಣ, ಲೇಖಕರ ಹಸ್ತಾಕ್ಷರ, ಸಿಗದ ಪ್ರತಿ ಎಂಬ ಮೋಹ ಬೇರೆ. ಇನ್ನೊಬ್ಬರು ಓದಬಹುದಾಗಿದ್ದ ಪ್ರತಿ ಓದದವನ ಕಪಾಟಿನಲ್ಲಿ ಕುಳಿತರೆ ಅಷ್ಟರಮಟ್ಟಿಗೆ ಮತ್ತೊಬ್ಬರಿಗೆ ತೊಂದರೆಯೂ ಹೌದು. ಪವಿತ್ರವಾದ ವಿಷಯದ ಪುಸ್ತಕ ಎಂದ ಮಾತ್ರಕ್ಕೆ ಈ ಪಟ್ಟಿಯಿಂದ ಅದಕ್ಕೆ ವಿನಾಯಿತಿ ಸಿಗುವುದಿಲ್ಲ. ಯಮಗಳಲ್ಲಿ ಮೂರನೆಯದಾದ ಅಸ್ತೇಯ, ಅಂದರೆ ಕದಿಯದಿರುವುದು, ಮತ್ತು ನಿಯಮಗಳಲ್ಲಿ ಎರಡನೆಯದಾದ ಸಂತೋಷ, ಅಂದರೆ ಇದ್ದುದರಲ್ಲಿ ತೃಪ್ತಿ, ಇವೂ ಪುಸ್ತಕಪ್ರಿಯನನ್ನು ಇದೇ ದಿಕ್ಕಿನಿಂದ ಪ್ರಶ್ನಿಸುತ್ತವೆ.

ನಾರದನ ದುಃಖ

ಉಪನಿಷತ್ತುಗಳು ಪ್ರಶ್ನೆಯನ್ನು ಇನ್ನೂ ಒಳಕ್ಕೆ ಒಯ್ಯುತ್ತವೆ. ಛಾಂದೋಗ್ಯದ ಏಳನೆಯ ಅಧ್ಯಾಯದಲ್ಲಿ ನಾರದ ಸನತ್ಕುಮಾರನ ಬಳಿಗೆ ಬರುತ್ತಾನೆ. ಕಲಿತದ್ದೇನು ಎಂದು ಸನತ್ಕುಮಾರ ಕೇಳಿದಾಗ ನಾರದ ನಾಲ್ಕು ವೇದ, ಇತಿಹಾಸ ಪುರಾಣ, ವ್ಯಾಕರಣ, ಗಣಿತ, ತರ್ಕ, ನಕ್ಷತ್ರವಿದ್ಯೆ ಎಂದು ಉದ್ದವಾದ ಪಟ್ಟಿಯನ್ನೇ ಒಪ್ಪಿಸುತ್ತಾನೆ. ಇಷ್ಟೆಲ್ಲ ಕಲಿತೂ ತಾನು ಮಂತ್ರ ಬಲ್ಲವನು ಮಾತ್ರ, ಆತ್ಮವನ್ನು ಬಲ್ಲವನಲ್ಲ. ಅದರಿಂದಲೇ ದುಃಖದಲ್ಲಿದ್ದೇನೆ ಎಂಬುದು ಅವನ ಅಳಲು. ಇಲ್ಲಿ ಪರಿಗ್ರಹವಾಗಿರುವುದು ಪುಸ್ತಕವಲ್ಲ, ವಿದ್ಯೆಯೇ. ಮನೆಯಲ್ಲಿ ಒಂದು ಹಾಳೆಯೂ ಇಲ್ಲದವನು ತಲೆಯಲ್ಲಿ ಕೂಡಿಟ್ಟುಕೊಂಡು ಬಳಲಬಹುದು ಎಂಬುದನ್ನು ಕಥೆ ತೋರಿಸುತ್ತದೆ. ಸನತ್ಕುಮಾರ ನಾರದನ ಪಟ್ಟಿಯನ್ನು ತಳ್ಳಿಹಾಕುವುದಿಲ್ಲ. ಅದೆಲ್ಲ ಹೆಸರು ಎಂದು ಹೇಳಿ, ಆ ಹೆಸರಿನಿಂದಲೇ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಕರೆದೊಯ್ಯುತ್ತಾನೆ. ಓದು ಆರಂಭವಾಗಬಲ್ಲದು, ಅಲ್ಲಿಗೇ ನಿಲ್ಲಬಾರದು ಎಂಬುದು ಇದರ ತಾತ್ಪರ್ಯ.

ಬೃಹದಾರಣ್ಯಕ ಹೇಳುವ ಶ್ರವಣ, ಮನನ, ನಿದಿಧ್ಯಾಸನ ಎಂಬ ಕ್ರಮವೂ ಇದೇ ಬಗೆಯದು. ಪುಸ್ತಕ ಹೆಚ್ಚಿಸಬಲ್ಲದ್ದು ಮೊದಲ ಹಂತವನ್ನು ಮಾತ್ರ. ಮನನಕ್ಕೆ ಬೇಕಾದ ಹೊತ್ತನ್ನು ಯಾವ ಅಂಗಡಿಯೂ ಮಾರುವುದಿಲ್ಲ.

ಮೂರ್ಛೆ ಮತ್ತು ಉಪಕರಣ

ಪರಿಗ್ರಹವನ್ನು ಅತ್ಯಂತ ಕಟ್ಟುನಿಟ್ಟಾಗಿ ನೋಡುವ ಜೈನ ದರ್ಶನದಲ್ಲಿಯೇ ಪುಸ್ತಕದ ಬಗ್ಗೆ ಸ್ಪಷ್ಟವಾದ ತೀರ್ಮಾನವೂ ಇದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಪ್ರಕಾರ ಪರಿಗ್ರಹವೆಂದರೆ ಮೂರ್ಛೆ, ಅಂದರೆ ‘ಇದು ನನ್ನದು’ ಎಂಬ ಮಮತೆ. ವಸ್ತುವಿನ ಸಂಖ್ಯೆ ಅಲ್ಲಿ ಅಳತೆಗೋಲಲ್ಲ. ಬಟ್ಟೆಯನ್ನೂ ಬಿಟ್ಟ ದಿಗಂಬರ ಮುನಿ ಮೂರು ಉಪಕರಣಗಳನ್ನು ಇಟ್ಟುಕೊಳ್ಳಬಹುದು: ಜೀವದಯೆಗಾಗಿ ನವಿಲುಗರಿಯ ಪಿಂಛಿ, ಶೌಚಕ್ಕಾಗಿ ಕಮಂಡಲು, ಜ್ಞಾನಕ್ಕಾಗಿ ಶಾಸ್ತ್ರ. ಎಲ್ಲವನ್ನೂ ತೊರೆದವನ ಕೈಯಲ್ಲೂ ಗ್ರಂಥ ಉಳಿಯಬಹುದಾದರೆ ಗ್ರಂಥ ತನ್ನಷ್ಟಕ್ಕೆ ಪರಿಗ್ರಹವಲ್ಲ. ಆದರೆ ಅದೇ ಮುನಿಗೆ ಆ ಗ್ರಂಥದ ಮೇಲೆ ಮಮತೆ ಹುಟ್ಟಿದರೆ ಒಂದೇ ಒಂದು ಗ್ರಂಥವೂ ಪರಿಗ್ರಹವಾಗುತ್ತದೆ.

ಅದೇ ಸೂತ್ರಗ್ರಂಥ ಸ್ವಾಧ್ಯಾಯವನ್ನು ಅಂತರಂಗ ತಪಸ್ಸುಗಳ ಸಾಲಿಗೆ ಸೇರಿಸಿ ಅದಕ್ಕೆ ಐದು ಅಂಗಗಳನ್ನು ಹೇಳುತ್ತದೆ: ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶ. ಓದುವುದು, ಸಂಶಯ ಕೇಳುವುದು, ಮನಸ್ಸಿನಲ್ಲಿ ಮತ್ತೆ ಮತ್ತೆ ತಿರುವಿಹಾಕುವುದು, ತಪ್ಪಿಲ್ಲದೆ ಪಠಿಸುವುದು, ಇನ್ನೊಬ್ಬರಿಗೆ ಹೇಳುವುದು. ಐದರಲ್ಲಿ ಓದು ಒಂದೇ ಒಂದು, ಕೊನೆಯದು ಕೊಡುವುದು.

ಕೊಡುವ ಈ ಅಂಗವೇ ಗೃಹಸ್ಥರಲ್ಲಿ ಶಾಸ್ತ್ರದಾನವಾಯಿತು. ಹತ್ತು ಮತ್ತು ಹನ್ನೊಂದನೆಯ ಶತಮಾನಗಳ ಸಂಧಿಯಲ್ಲಿ ಬದುಕಿದ್ದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಒಂದೇ ಕೃತಿಯ ಸಾವಿರ ಪ್ರತಿ ಯಾವ ಓದುಗನಿಗೂ ಬೇಡ. ಸಾವಿರ ಓದುಗರಿಗೆ ಬೇಕು. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಗಂಗರ ಕಾಲದ ಪಂಚಕೂಟ ಬಸದಿಯಿದೆ. ಅಲ್ಲಿಂದ ಶ್ರವಣಬೆಳಗೊಳ ದೂರವಲ್ಲ. ಈ ಸೀಮೆಗೆ ಶಾಸ್ತ್ರದಾನದ ಕಲ್ಪನೆ ಹೊರಗಿನದಲ್ಲ. ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿಯಂದು ಜೈನರು ಗ್ರಂಥಗಳನ್ನು ಹೊರತೆಗೆದು ಒರೆಸಿ, ಹೊಸ ಬಟ್ಟೆ ಸುತ್ತಿ ಪೂಜಿಸುತ್ತಾರೆ. ಪೂಜೆಯ ನೆಪದಲ್ಲಿ ವರ್ಷಕ್ಕೊಮ್ಮೆಯಾದರೂ ಪ್ರತಿಯೊಂದು ಕಟ್ಟೂ ಬಿಚ್ಚಿಕೊಳ್ಳುತ್ತದೆ.

ಋಣ ಮತ್ತು ಗೋಪುರ

ವೈದಿಕ ಪರಂಪರೆ ಇದೇ ಮಾತನ್ನು ಋಣದ ಲೆಕ್ಕದಲ್ಲಿ ಹೇಳಿತು. ಮನುಷ್ಯ ಮೂರು ಋಣ ಹೊತ್ತು ಹುಟ್ಟುತ್ತಾನೆ. ದೇವಋಣ ಯಜ್ಞದಿಂದ, ಪಿತೃಋಣ ಸಂತಾನದಿಂದ, ಋಷಿಋಣ ಅಧ್ಯಯನದಿಂದ ತೀರುತ್ತದೆ. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿ ಎಲ್ಲ ಕರ್ತವ್ಯಗಳ ಜೊತೆಗೂ ಸ್ವಾಧ್ಯಾಯ ಮತ್ತು ಪ್ರವಚನಗಳನ್ನು ಜೋಡಿಯಾಗಿಯೇ ಇಡುತ್ತದೆ. ಕಲಿತವನು ಒಡೆಯನಲ್ಲ, ಸಾಲಗಾರ.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರ ಬಗ್ಗೆ ಗುರುಪರಂಪರೆಯ ಕಥೆಗಳಲ್ಲಿ ಒಂದು ಪ್ರಸಂಗ ಬರುತ್ತದೆ. ಗುಟ್ಟಾಗಿಡಬೇಕೆಂಬ ಷರತ್ತಿನಲ್ಲಿ ಗುರು ಉಪದೇಶಿಸಿದ ಮಂತ್ರಾರ್ಥವನ್ನು ಅವರು ತಿರುಕ್ಕೋಷ್ಟಿಯೂರಿನ ಗುಡಿಯ ಮೇಲೇರಿ ಎಲ್ಲರಿಗೂ ಸಾರಿದರು. ಇದರಿಂದ ತನಗೆ ನರಕವಾದರೂ ಸರಿ, ಕೇಳಿದವರಿಗೆ ಮೋಕ್ಷವಾಗಲಿ ಎಂದರು. ಕಥೆಯ ಐತಿಹಾಸಿಕತೆ ಏನೇ ಇರಲಿ, ಅದು ಹಿಡಿದ ನಿಲುವು ಖಚಿತ: ಹಂಚದ ಜ್ಞಾನ ಕೂಡಿಟ್ಟ ಧನಕ್ಕೆ ಸಮ. ಇದೇ ಮೇಲುಕೋಟೆಯಲ್ಲಿ 1970ರ ದಶಕದಲ್ಲಿ ಎಂ.ಎ. ಲಕ್ಷ್ಮೀತಾತಾಚಾರ್ ಅವರು ಕಟ್ಟಿ ಬೆಳೆಸಿದ ಸಂಸ್ಕೃತ ಸಂಶೋಧನ ಸಂಸತ್ತು ಸಾವಿರಾರು ಹಸ್ತಪ್ರತಿಗಳನ್ನು ಒಂದೆಡೆ ತಂದಿದೆ. ಮನೆಗಳ ಅಟ್ಟದಲ್ಲಿದ್ದ ತಾಳೆಗರಿ ಸಂಸ್ಥೆಯ ಕಪಾಟಿಗೆ ಬಂದಾಗ ಅದರ ಒಡೆತನ ಬದಲಾಗುವುದಷ್ಟೇ ಅಲ್ಲ. ಕೇಳಿ ಓದುವ ಹಕ್ಕು ಹೊರಗಿನವರಿಗೂ ದಕ್ಕುತ್ತದೆ.

ಪಡೆದ ಬಗೆ

ಸಂಗ್ರಹ ಬೆಳೆದದ್ದು ಹೇಗೆ ಎಂಬುದು ಬೇರೆಯದೇ ಪ್ರಶ್ನೆ. ಶ್ರೀರಂಗಪಟ್ಟಣ ಇದಕ್ಕೆ ಎರಡು ಮಾದರಿಗಳನ್ನು ಕೊಡುತ್ತದೆ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಆಸ್ಥಾನದಲ್ಲಿ ತಿರುಮಲಾರ್ಯ, ಚಿಕುಪಾಧ್ಯಾಯ, ಸಿಂಗರಾರ್ಯರಂಥವರಿದ್ದರು. ಅರಮನೆಯ ಊಳಿಗದ ಸಂಚಿ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದಳು. ಅಲ್ಲಿ ಪುಸ್ತಕಗಳು ಬರೆಯುವವರಿಗೆ ಆಶ್ರಯ ಕೊಟ್ಟದ್ದರಿಂದ ಹುಟ್ಟಿದವು.

ಟಿಪ್ಪು ಸುಲ್ತಾನನ ಗ್ರಂಥಾಲಯದ ಕಥೆ ಬೇರೆ. ಅರಬ್ಬಿ, ಪಾರಸಿ ಮುಂತಾದ ಭಾಷೆಗಳ ಸುಮಾರು 2,000 ಸಂಪುಟಗಳು ಅದರಲ್ಲಿದ್ದವು. ಕುರಾನ್ ವ್ಯಾಖ್ಯಾನ, ಹದೀಸ್, ಸೂಫಿ ಗ್ರಂಥಗಳಿಗೆ ಅಲ್ಲಿ ದೊಡ್ಡ ಸ್ಥಾನವಿತ್ತು. 1799ರಲ್ಲಿ ಕೋಟೆ ಬಿದ್ದ ಮೇಲೆ ಅವು ಈಸ್ಟ್ ಇಂಡಿಯಾ ಕಂಪನಿಯ ವಶವಾಗಿ, ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜು ಮತ್ತು ಇಂಗ್ಲೆಂಡಿಗೆ ಹಂಚಿಹೋದವು. ಚಾರ್ಲ್ಸ್ ಸ್ಟೂವರ್ಟ್ 1809ರಲ್ಲಿ ಅವುಗಳ ವಿವರಣಾತ್ಮಕ ಪಟ್ಟಿ ಪ್ರಕಟಿಸಿದ. ಟಿಪ್ಪುವಿನ ಸಂಗ್ರಹದ ಒಂದು ಭಾಗವೂ ಸವಣೂರು, ಕಡಪ ಮೊದಲಾದ ಕಡೆಗಳಿಂದ ಯುದ್ಧದಲ್ಲಿ ಬಂದದ್ದೆಂದು ಸ್ಟೂವರ್ಟ್ ಬರೆಯುತ್ತಾನೆ. ಲೂಟಿಯಿಂದ ಬಂದದ್ದು ಲೂಟಿಗೇ ಹೋಯಿತು. ಪುಸ್ತಕದೊಳಗಿನ ಧರ್ಮ ಅದನ್ನು ಪಡೆದ ಬಗೆಯನ್ನು ಶುದ್ಧಗೊಳಿಸಲಾರದು. ಅಪರಿಗ್ರಹದ ಪ್ರಶ್ನೆಗಿಂತ ಮೊದಲು ಅಸ್ತೇಯದ ಪ್ರಶ್ನೆಗೆ ಉತ್ತರ ಬೇಕು. ಎರವಲು ತಂದು ಹಿಂದಿರುಗಿಸದ ಪುಸ್ತಕವೂ ಈ ಮಾತಿನಿಂದ ಹೊರತಲ್ಲ.

ಓದಿನ ವಾರ, ಓದದ ದಿನ

ಓದಿನ ವೇಗಕ್ಕೂ ಪರಂಪರೆ ಒಂದು ಲಯ ಗೊತ್ತುಮಾಡಿತ್ತು. ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳು ಅನಧ್ಯಾಯ. ಗುಡುಗು ಸಿಡಿಲಿನ ಹೊತ್ತು, ಧೂಳಿನ ಗಾಳಿ ಬೀಸುವ ಹೊತ್ತು ಕೂಡ ಅಧ್ಯಯನಕ್ಕೆ ನಿಷಿದ್ಧ. ಏಳೆಂಟು ದಿನಕ್ಕೊಮ್ಮೆ ಬರುವ ಈ ಬಿಡುವಿನಲ್ಲಿ ಹೊಸ ಪಾಠವಿಲ್ಲ. ಭಾಗವತ ಸಪ್ತಾಹ ಇನ್ನೊಂದು ಮಾದರಿ. ಶಾಪಗ್ರಸ್ತ ಪರೀಕ್ಷಿತನಿಗೆ ಉಳಿದಿದ್ದ ಏಳು ದಿನಗಳಲ್ಲಿ ಶುಕ ಕಥೆ ಹೇಳಿದ ನೆನಪಿಗೆ ಇಡೀ ಪುರಾಣವನ್ನು ಒಂದು ವಾರದಲ್ಲಿ ಓದಿಸಿ ಕೇಳುತ್ತಾರೆ. ಉಳಿದ ಆಯುಸ್ಸಿನಲ್ಲಿ ಓದಬೇಕಾದದ್ದು ಯಾವುದು ಎಂದು ಆರಿಸುವ ಹೊಣೆಯನ್ನು ಆ ಕಥೆ ಕೇಳುಗನ ಮೇಲೆ ಹೊರಿಸುತ್ತದೆ. ನವರಾತ್ರಿಯಲ್ಲಿ ಸರಸ್ವತಿಯನ್ನು ಆವಾಹಿಸಿ ಪುಸ್ತಕಗಳನ್ನು ಪೂಜೆಗಿಟ್ಟ ದಿನಗಳಲ್ಲಿ ಅವನ್ನು ಮುಟ್ಟಿ ಓದುವಂತಿಲ್ಲ. ಈ ಎಲ್ಲ ಕಟ್ಟಳೆಗಳೂ ಓದನ್ನು ಚಟವಾಗಲು ಬಿಡದೆ ವ್ರತವಾಗಿ ಉಳಿಸುತ್ತವೆ. ಇಂದಿನ ಓದುಗನಿಗೆ ತಿಥಿಯ ಕಟ್ಟಳೆ ಬೇಡವೆನಿಸಿದರೂ ವಾರದಲ್ಲಿ ಒಂದು ದಿನ ಹೊಸತನ್ನು ತೆರೆಯದೆ, ಓದಿದ್ದನ್ನು ಮೆಲುಕು ಹಾಕುವ ಕ್ರಮದಲ್ಲಿ ಅದರ ಸತ್ವ ಉಳಿಯುತ್ತದೆ.

ಪೂಜೆಗೆ ಎದುರಾದ ಮಾತು

ಪುಸ್ತಕವನ್ನು ಪವಿತ್ರವೆನ್ನುವುದರಲ್ಲೇ ಅಪಾಯ ಕಂಡವರಿದ್ದಾರೆ. ನಡೆಯಿಲ್ಲದ ಓದನ್ನು ವಚನಕಾರರು ಮತ್ತೆ ಮತ್ತೆ ಖಂಡಿಸಿದರು. ಆಧುನಿಕ ಕಾಲದಲ್ಲಿ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನವರಾದ ಎ.ಎನ್. ಮೂರ್ತಿರಾಯರು (1900–2003) ತೊಂಬತ್ತು ದಾಟಿದ ಮೇಲೆ, 1991ರಲ್ಲಿ, ‘ದೇವರು’ ಪ್ರಕಟಿಸಿದರು. ಜೀವಮಾನವಿಡೀ ಓದಿದವರೊಬ್ಬರು ಆ ಓದನ್ನೆಲ್ಲ ಸಾಕ್ಷಿಗೆ ಕರೆದು ದೇವರ ಅಸ್ತಿತ್ವದ ವಾದಗಳನ್ನು ವಿಚಾರಣೆಗೆ ಒಡ್ಡಿದ ಪುಸ್ತಕ ಅದು. ಗ್ರಂಥ ಹೇಳಿತೆಂದು ಒಪ್ಪುವುದು ಓದಲ್ಲ, ಒಪ್ಪಬೇಕೇ ಎಂದು ಕೇಳುವುದು ಓದು ಎಂಬ ನಿಲುವಿನಿಂದ ನೋಡಿದರೆ, ಪ್ರಶ್ನಿಸದೆ ಕೂಡಿಟ್ಟ ನಂಬಿಕೆಯೂ ಪರಿಗ್ರಹವೇ. ಆಸ್ತಿಕರ ಪೃಚ್ಛನೆಯೂ ನಾಸ್ತಿಕರ ವಿಚಾರಣೆಯೂ ಈ ಬಿಂದುವಿನಲ್ಲಿ ಕೂಡುತ್ತವೆ.

ತೀರ್ಮಾನದ ಅಳತೆಗಳು

ಇವೆಲ್ಲವನ್ನು ಒಟ್ಟಿಗೆ ಇಟ್ಟರೆ ಪುಸ್ತಕ ಸಂಗ್ರಹವನ್ನು ಅಳೆಯಲು ಮೂರು ಪ್ರಶ್ನೆಗಳು ಸಿಗುತ್ತವೆ. ಪಡೆದದ್ದು ನ್ಯಾಯವಾಗಿಯೇ? ಓದಿದ್ದು ಮನನಕ್ಕೆ, ಪ್ರಶ್ನೆಗೆ ದಾರಿಯಾಯಿತೇ? ತನ್ನ ಓದು ಮುಗಿದದ್ದು, ತಾನು ಓದಲಾರದ್ದು ಇನ್ನೊಬ್ಬರ ಕೈಗೆ ಹೋಗುತ್ತಿದೆಯೇ? ‘ಎಷ್ಟು ಪುಸ್ತಕ’ ಎಂಬ ಪ್ರಶ್ನೆ ಈ ಮೂರರಲ್ಲಿಲ್ಲ.

ಬೀಗ ಹಾಕಿದ ಕಪಾಟಿನ ಐವತ್ತು ಪುಸ್ತಕಗಳು ಪರಿಗ್ರಹವಾಗಬಹುದು. ಹರಳಹಳ್ಳಿಯ ಲಕ್ಷಾಂತರ ಪುಸ್ತಕಗಳು, ಸಂಗ್ರಾಹಕರೇ ಓದಿರದಿದ್ದರೂ, ಬಾಗಿಲು ತೆರೆದಿರುವುದರಿಂದ ಶಾಸ್ತ್ರದಾನದ ಸಾಲಿಗೆ ಸೇರುತ್ತವೆ. ಆದರೆ ತೆರೆದ ಬಾಗಿಲಿನಷ್ಟರಿಂದಲೇ ದಾನ ಪೂರ್ಣವಾಗದು. ಆ ಸಂಗ್ರಹದ ದೊಡ್ಡ ಭಾಗ ಇನ್ನೂ ವಿಂಗಡಣೆಗೆ ಕಾದಿದೆ. ಹುಡುಕಿದರೆ ಸಿಗದ ಪುಸ್ತಕ ಓದುಗನ ಪಾಲಿಗೆ ಇಲ್ಲದ ಪುಸ್ತಕ. ಪಟ್ಟಿ ಮಾಡುವುದು, ಜೋಡಿಸುವುದು, ಗೆದ್ದಲಿನಿಂದ ಕಾಯುವುದು ಒಬ್ಬರಿಂದ ಆಗುವ ಕೆಲಸಗಳಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರ ವಿಧಿಸಿ ಈ ಹೊಣೆಯನ್ನು ಸಮಾಜದ ಮೇಲಿಟ್ಟಿದೆ. ಅಲ್ಲಿ ಪುಸ್ತಕಕ್ಕೆ ಒಡೆಯನಿಲ್ಲ, ಓದುಗರಿದ್ದಾರೆ. ಓದುಗ ತನ್ನ ಮನೆಯ ಪುಸ್ತಕಗಳ ವಿಷಯದಲ್ಲಿ ಆ ವ್ಯವಸ್ಥೆಗೆ ಎಷ್ಟು ಹತ್ತಿರವಾಗುತ್ತಾನೋ ಅಷ್ಟರಮಟ್ಟಿಗೆ ಅವನ ಸ್ವಾಧ್ಯಾಯಕ್ಕೂ ಅಪರಿಗ್ರಹಕ್ಕೂ ವಿರೋಧ ಇಲ್ಲವಾಗುತ್ತದೆ.