ಬೆಕ್ಕಿನ ಕಾಯಕ, ಕವಿಯ ನಗೆ

ಮನೆಯ ಬೆಕ್ಕು ನಾಯಿಗಳನ್ನೂ ದಿನನಿತ್ಯದ ಸಣ್ಣಪುಟ್ಟ ಸಂಗತಿಗಳನ್ನೂ ವಸ್ತುವಾಗಿಸಿಕೊಂಡು ನಗೆಯ ಧಾಟಿಯಲ್ಲಿ ಹುಟ್ಟುವ ಕಿರುಗವಿತೆಯನ್ನು ಲಘುಪದ್ಯವೆನ್ನುವುದುಂಟು; ದಿನಕರ ದೇಸಾಯಿಯವರ ಚೌಪದಿಗಳಿಂದ ಕನ್ನಡದಲ್ಲಿ ಮನೆಮಾತಾದ ಚುಟುಕವೂ ಇದೇ ಕುಲಕ್ಕೆ ಸೇರಿದ್ದು. ಇಂಥ ರಚನೆಗಳನ್ನು ವಿಮರ್ಶೆಯು ಸಾಮಾನ್ಯವಾಗಿ ಮಕ್ಕಳ ಪಾಲಿಗೋ ವಿನೋದದ ಪಾಲಿಗೋ ಬಿಟ್ಟು ಮುಂದೆ ಸಾಗುತ್ತದೆ. ಆದರೆ ಅವುಗಳ ಒಡಲಲ್ಲಿ ತತ್ತ್ವಚಿಂತನೆ ತಪ್ಪಿಸಿಕೊಳ್ಳಲಾಗದ ಪ್ರಶ್ನೆಯೊಂದಿದೆ: ಬೆಕ್ಕಿನ ಪದ್ಯವನ್ನು ಓದಿ ನಕ್ಕಾಗ ಓದುಗನು ನಕ್ಕದ್ದು ಯಾರನ್ನು ಕಂಡು, ಮತ್ತು ಆ ನಗೆಗೂ ಭಕ್ತಿಗೂ ನಂಟಿರುವುದು ಸಾಧ್ಯವೇ?

ಭರತನ ನಾಟ್ಯಶಾಸ್ತ್ರವು ಹಾಸ್ಯರಸಕ್ಕೆ ಬಿಳಿಯ ಬಣ್ಣವನ್ನೂ ಶಿವಗಣಗಳಾದ ಪ್ರಮಥರ ಅಧಿದೈವತ್ವವನ್ನೂ ಹೇಳಿದೆ. ಎಂದರೆ ನಗೆಯನ್ನು ದೈವದ ಅಂಗಳದಿಂದ ಹೊರಗಿಟ್ಟಿಲ್ಲ. ಅದರ ವ್ಯಾಖ್ಯಾನಕಾರ ಅಭಿನವಗುಪ್ತನು ಹಾಸ್ಯದ ಬೇರನ್ನು ಅನೌಚಿತ್ಯದಲ್ಲಿ, ಅಂದರೆ ಸಲ್ಲದ್ದು ಸಲ್ಲದ ಕಡೆ ಕಾಣಿಸಿಕೊಳ್ಳುವುದರಲ್ಲಿ, ಗುರುತಿಸಿದನು. ಫ್ರೆಂಚ್ ದಾರ್ಶನಿಕ ಆನ್ರಿ ಬರ್ಗ್‌ಸನ್ 1900ರಲ್ಲಿ ಪ್ರಕಟಿಸಿದ ನಗೆಯನ್ನು ಕುರಿತ ಗ್ರಂಥದಲ್ಲಿ, ಮನುಷ್ಯಸಂಬಂಧವಿಲ್ಲದ ಯಾವುದೂ ನಗೆ ಹುಟ್ಟಿಸಲಾರದೆಂದೂ, ಪ್ರಾಣಿಯನ್ನು ಕಂಡು ನಗುವುದು ಅದರಲ್ಲಿ ಮನುಷ್ಯನ ಹಾವಭಾವ ಹೊಳೆದಾಗ ಮಾತ್ರವೆಂದೂ ವಾದಿಸಿದನು. ಈ ವಾದವನ್ನು ಪೂರ್ತಿ ಒಪ್ಪಿದರೆ ಪದ್ಯದ ಬೆಕ್ಕು ಬರಿಯ ಕನ್ನಡಿಯಾಗಿಬಿಡುತ್ತದೆ. ಇಂಗ್ಲಿಷ್ ಕವಿ ಥಾಮಸ್ ಗ್ರೇ 1747ರಲ್ಲಿ ತನ್ನ ಗೆಳೆಯ ಹೊರೇಸ್ ವಾಲ್‌ಪೋಲ್‌ನ ಬೆಕ್ಕು ಹೊಂಬಣ್ಣದ ಮೀನುಗಳ ತೊಟ್ಟಿಗೆ ಬಿದ್ದು ಸತ್ತದ್ದನ್ನು ಕುರಿತು ಬರೆದ ಪದ್ಯ ನಿಜಕ್ಕೂ ಹಾಗೆಯೇ ಇದೆ: ಬೆಕ್ಕಿನ ಸಾವಿಗೆ ಮಹಾಕಾವ್ಯದ ಗಾಂಭೀರ್ಯವನ್ನು ತೊಡಿಸಿದ ಅನೌಚಿತ್ಯವೇ ಅಲ್ಲಿನ ಹಾಸ್ಯ, ಮತ್ತು ಕೊನೆಗೆ ಉಳಿಯುವುದು ಹೆಂಗಸರಿಗೆ ಹೇಳಿದ ಬುದ್ಧಿಮಾತು. ಕುಸುರಿ ಎಷ್ಟೇ ನಯವಾಗಿದ್ದರೂ ಮುಳುಗಿದ ಆ ಜೀವ ಪದ್ಯದಲ್ಲಿ ಎಲ್ಲಿಯೂ ಸಿಗುವುದಿಲ್ಲ.

ಇದಕ್ಕೆ ತೀರ ಬೇರೆಯಾದ ದಾರಿಯೊಂದನ್ನು 9ನೆಯ ಶತಮಾನದ ಒಬ್ಬ ಐರಿಷ್ ಸಂನ್ಯಾಸಿ ತುಳಿದಿದ್ದನು. ಕಾನ್‌ಸ್ಟನ್ಸ್ ಸರೋವರದ ರೈಖೆನೌ ದ್ವೀಪದ ಬೆನೆಡಿಕ್ಟೀನ್ ಮಠದಲ್ಲಿಯೋ ಅದರ ಆಸುಪಾಸಿನಲ್ಲಿಯೋ ಇದ್ದನೆಂದು ಭಾವಿಸಲಾಗಿರುವ ಆ ಹೆಸರಿಲ್ಲದ ಸಂನ್ಯಾಸಿ, ಪಂಗುರ್ ಬಾನ್ ಎಂಬ ತನ್ನ ಬೆಕ್ಕನ್ನು ಕುರಿತು ಹಳೆಯ ಐರಿಷ್ ಭಾಷೆಯಲ್ಲಿ ನಾಲ್ಕು ಸಾಲುಗಳ ಎಂಟು ಪದ್ಯಗಳನ್ನು ಬರೆದನು. ಈಗ ಆಸ್ಟ್ರಿಯದ ಸೇಂಟ್ ಪೌಲ್ ಮಠದಲ್ಲಿರುವ ಆ ಹಸ್ತಪ್ರತಿಯಲ್ಲಿ ಲ್ಯಾಟಿನ್ ಸ್ತೋತ್ರಗಳೂ ವ್ಯಾಕರಣದ ಟಿಪ್ಪಣಿಗಳೂ ಇವೆ. ಬೆಕ್ಕಿನ ಪದ್ಯಕ್ಕೂ ಅವುಗಳ ನಡುವೆಯೇ ಜಾಗ ದೊರೆತಿದೆ. ಪದ್ಯದ ಚಿತ್ರ ಸರಳವಾದದ್ದು. ಒಂದೇ ಕೋಣೆಯಲ್ಲಿ ಬೆಕ್ಕು ಗೋಡೆಯ ಮೇಲೆ ಕಣ್ಣು ನೆಟ್ಟು ಇಲಿಗಾಗಿ ಕಾದಿರುತ್ತದೆ, ಮಂದವಾಗುತ್ತಿರುವ ಕಣ್ಣುಗಳ ವಿದ್ವಾಂಸನು ಹೊತ್ತಗೆಯ ಮೇಲೆ ಬಾಗಿ ಗೂಢಾರ್ಥಕ್ಕಾಗಿ ಕಾದಿರುತ್ತಾನೆ; ಇಲಿ ಸಿಕ್ಕಾಗ ಅದಕ್ಕೆ ಎಷ್ಟು ಹಿಗ್ಗೋ ಕಠಿಣವಾದ ಅರ್ಥ ಬಿಡಿಸಿಕೊಂಡಾಗ ಇವನಿಗೂ ಅಷ್ಟೇ ಹಿಗ್ಗು, ಮತ್ತು ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಡ್ಡಿಯಾಗುವುದಿಲ್ಲ. ಇಲ್ಲಿ ನಗೆ ಹುಟ್ಟುವುದು ಬೆಕ್ಕು ಪಂಡಿತನಂತೆ ಕಂಡದ್ದರಿಂದಲ್ಲ, ಪಂಡಿತನು ಬೆಕ್ಕಿನಂತೆ ಕಂಡದ್ದರಿಂದ. ಬರ್ಗ್‌ಸನ್ ಹೇಳಿದ ಹೋಲಿಕೆಯೇ ಇಲ್ಲಿ ತಿರುಗುಮುರುಗಾಗಿದೆ. ಬೆಕ್ಕಿಗೆ ತನ್ನದೇ ಆದ ಗುರಿಯಿದೆ, ಕುಶಲತೆಯಿದೆ, ಅದು ಮನುಷ್ಯನನ್ನು ಅನುಕರಿಸುತ್ತಿಲ್ಲ. (ಐರಿಷ್ ಭಾಷೆಯಲ್ಲಿ ‘ಬಾನ್’ ಎಂದರೆ ಬಿಳಿ, ಭರತನು ಹಾಸ್ಯಕ್ಕೆ ಹೇಳಿದ ಬಣ್ಣವೂ ಅದೇ ಆಗಿರುವುದು ಕಾಕತಾಳೀಯವಾದರೂ ಮನಸ್ಸಿಗೆ ಹಿತವಾದದ್ದು.)

ಈ ಪದ್ಯದ ಮುಂದೆ ಕನ್ನಡದ ಓದುಗನಿಗೆ ‘ಕಾಯಕ’ ಎಂಬ ಮಾತು ತಾನಾಗಿಯೇ ನೆನಪಾಗುತ್ತದೆ. ಯಾವ ಕೆಲಸವೂ ಕೀಳಲ್ಲವೆಂದು, ಶ್ರದ್ಧೆಯಿಂದ ಮಾಡಿದ ದುಡಿಮೆಯೇ ಪೂಜೆಯೆಂದು ಶರಣರು ಬಗೆದದ್ದು ಆ ಸಂನ್ಯಾಸಿಯ ಕಾಲಕ್ಕೆ ಸುಮಾರು ಮೂರು ಶತಮಾನಗಳ ಈಚೆಗೆ, ಮತ್ತು ಅವರ ಮಾತು ದುಡಿಯುವ ಮನುಷ್ಯರನ್ನು ಕುರಿತದ್ದು. ಆದುದರಿಂದ ಎರಡನ್ನೂ ಒಂದೇ ಎನ್ನಲಾಗದು. ಆದರೂ ಬೆಕ್ಕಿನ ಬೇಟೆಗೂ ಶಾಸ್ತ್ರಾಧ್ಯಯನಕ್ಕೂ ಸಮನಾದ ಪೀಠ ಹಾಕಿದ ಮನಸ್ಸನ್ನು ಹೆಸರಿಸಲು ಅದಕ್ಕಿಂತ ಒಪ್ಪುವ ಪದ ಸಿಗದು. ಜಿ.ಪಿ. ರಾಜರತ್ನಂ ಅವರ ನಾಯಿಮರಿಯ ಪದ್ಯದಲ್ಲಿಯೂ ತಿಂಡಿಯ ವಿಚಾರದಿಂದ ಮೊದಲಾದ ಸಂವಾದ ಮನೆಯ ಕಾವಲಿಗೆ ಬಂದು ನಿಲ್ಲುತ್ತದೆ; ಮರಿಯು ಕೇಳುವುದು ಭಿಕ್ಷೆಯನ್ನಲ್ಲ, ತನ್ನ ಕೆಲಸದ ಕೂಲಿಯನ್ನು. ಕರ್ನಾಟಕದ ತಲೆಮಾರುಗಳು ಬಾಲ್ಯದಲ್ಲೇ ಬಾಯಿಪಾಠ ಮಾಡಿಕೊಂಡ ಆ ಪದ್ಯದ ಮುಗ್ಧತೆಯ ಒಳಗೆ ಈ ಘನತೆ ಅಡಗಿದೆ.

ನಗೆಯು ನೇರವಾಗಿ ಪ್ರಾರ್ಥನೆಯೇ ಆದ ನಿದರ್ಶನ ಇಂಗ್ಲಿಷ್ ಕವಿ ಕ್ರಿಸ್ಟೊಫರ್ ಸ್ಮಾರ್ಟ್‌ನದು (1722–1771). ಕಂಡಕಂಡವರನ್ನು ಬೀದಿಯಲ್ಲೇ ಪ್ರಾರ್ಥನೆಗೆ ಕರೆಯುತ್ತಿದ್ದ ಅವನನ್ನು ಹುಚ್ಚನೆಂದು ಕೂಡಿಹಾಕಿದರು. ಅವನ ಜೊತೆ ಪ್ರಾರ್ಥಿಸಲು ತನಗೇನೂ ಅಡ್ಡಿಯಿಲ್ಲವೆಂದ ಸಾಹಿತಿ ಸ್ಯಾಮ್ಯುಯೆಲ್ ಜಾನ್ಸನ್ನನ ಮಾತನ್ನು ಆತನ ಜೀವನಚರಿತ್ರೆ ಬರೆದ ಬಾಸ್ವೆಲ್ ದಾಖಲಿಸಿದ್ದಾನೆ. ಆ ಬಂಧನದಲ್ಲಿ, 1759ರಿಂದ 1763ರ ನಡುವೆ ಬರೆದ, 1939ರವರೆಗೂ ಅಚ್ಚಾಗದೆ ಉಳಿದ ‘ಜುಬಿಲಾಟೆ ಆಗ್ನೊ’ ಎಂಬ ದೀರ್ಘ ಸ್ತುತಿಯಲ್ಲಿ 74 ಸಾಲುಗಳು ಅವನ ಬೆಕ್ಕು ಜೆಫ್ರಿಗೆ ಮೀಸಲಾಗಿವೆ. ಬೆಳಗಿನ ಪೂಜೆ ಮುಗಿಸಿದ ಬೆಕ್ಕು ಮೊದಲು ಮುಂಗಾಲು ಶುಚಿಯಾಗಿವೆಯೇ ಎಂದು ನೋಡಿಕೊಳ್ಳುವುದರಿಂದ ಹಿಡಿದು, ಮೈಮುರಿದು, ಮರಕ್ಕೆ ಉಗುರು ಮಸೆದು, ಮೈ ತೊಳೆದು, ಹೊರಳಾಡಿ, ಚಿಗಟ ಹೆಕ್ಕಿ, ಹತ್ತನೆಯದಾಗಿ ಆಹಾರ ಹುಡುಕಿ ಹೊರಡುವವರೆಗಿನ ಆಹ್ನಿಕವನ್ನು ಕವಿ ಎಣಿಸಿ ಎಣಿಸಿ ಹೇಳುತ್ತಾನೆ. ಆಹ್ನಿಕವೆಂದರೆ ದಿನದ ಕರ್ಮಗಳನ್ನು ವಿಧಿಯಂತೆ ಕ್ರಮವಾಗಿ ನಡೆಸುವುದು. ಬೆಕ್ಕಿನ ಅಂಗಚೇಷ್ಟೆಗೆ ಆ ಕ್ರಮ ಹೊಂದಿಬಂದದ್ದನ್ನು ಕಂಡು ನಗದಿರಲು ಸಾಧ್ಯವಿಲ್ಲ. ಆದರೆ ಆ ಭಾಗದ ಸಾಲುಗಳೆಲ್ಲ ‘ಏಕೆಂದರೆ’ ಎಂಬರ್ಥದ ಒಂದೇ ಪದದಿಂದ ಮೊದಲಾಗುತ್ತವೆ, ಆದ್ದರಿಂದ ಬೆಕ್ಕಿನ ಪ್ರತಿಯೊಂದು ಚಲನೆಯೂ ದೇವರನ್ನು ಸ್ತುತಿಸಲು ಒಂದೊಂದು ಕಾರಣವಾಗಿ ನಿಲ್ಲುತ್ತದೆ. ಇಲ್ಲಿ ಹಾಸ್ಯವನ್ನು ತೆಗೆದರೆ ಭಕ್ತಿಯೂ ಉಳಿಯದು. ಚಿಗಟ ಹೆಕ್ಕುವುದನ್ನು ಅಷ್ಟು ಹತ್ತಿರದಿಂದ ನೋಡಿದ ಪ್ರೀತಿಯೇ ಎರಡಕ್ಕೂ ತಾಯಿಬೇರು.

ನಾರ್ಥಾಂಪ್ಟನ್ನಿನ ಸೇಂಟ್ ಮ್ಯಾಥ್ಯೂ ಚರ್ಚಿನ ಐವತ್ತನೆಯ ವರ್ಷಕ್ಕಾಗಿ ಬೆಂಜಮಿನ್ ಬ್ರಿಟನ್ 1943ರಲ್ಲಿ ಈ ಸ್ತುತಿಯ ಕೆಲವು ಭಾಗಗಳಿಗೆ ಸಂಗೀತ ಹಾಕಿದಾಗ, ಜೆಫ್ರಿಯ ಸಾಲುಗಳನ್ನು ಬಾಲಕನೊಬ್ಬನ ಏರುದನಿಗೆ ಒಪ್ಪಿಸಿದನು. ಆ ದನಿ ಬೆಕ್ಕನ್ನು ಹಾಡಿ ನಿಲ್ಲಿಸಿದ ಮೇಲೆ, ಅದಕ್ಕಿಂತ ತಗ್ಗಿನ ಇನ್ನೊಂದು ದನಿ ಇಲಿಯನ್ನು ಎತ್ತಿಕೊಳ್ಳುತ್ತದೆ: ತನ್ನ ಜೊತೆಗಾತಿಯನ್ನು ಬೆಕ್ಕು ಹಿಡಿದಾಗ ಓಡಿಹೋಗದೆ ಅದರ ಎದುರಿಗೆ ನಿಂತ ಪುಟ್ಟ ಇಲಿಯನ್ನು.