ಇಂದಿನ ಧಮ್ಮ ಚಿಂತನೆ: ಬೆಳಕಿನ ಮನೆ ಬಯಸುವುದು ತೃಷ್ಣೆಯೇ?

ಕಳೆದ ಭಾನುವಾರ ನಮ್ಮ ಬಳಗದಲ್ಲಿ ಯುವ ಉಪಾಸಿಕೆಯೊಬ್ಬರು ಒಂದು ಪ್ರಶ್ನೆ ಇಟ್ಟರು. ಅವರದು ಒಂದು ಕೋಣೆ, ಒಂದು ಅಡುಗೆಮನೆಯ ಸಣ್ಣ ಫ್ಲಾಟ್. ಮೊಬೈಲಿನಲ್ಲಿ ‘ಸ್ಕ್ಯಾಂಡಿನೇವಿಯನ್’ ಮನೆಗಳ ಚಿತ್ರ ನೋಡಿ ತಮ್ಮ ಮನೆಯನ್ನೂ ಹಾಗೆ ಮಾಡಿಕೊಳ್ಳುವ ಆಸೆ ಅವರಿಗೆ. ಬಿಳಿ ಗೋಡೆ, ತಿಳಿಬಣ್ಣದ ಮರದ ಮೇಜು, ಮೂಲೆಯಲ್ಲೊಂದು ಪುಟ್ಟ ದೀಪ, ಕಿಟಕಿಯಲ್ಲಿ ಗಿಡ. "ಬುದ್ಧರ ದಾರಿ ಹಿಡಿದ ಮೇಲೆ ಈ ಶೋಕಿ ಯಾಕಮ್ಮ? ಇದು ತೃಷ್ಣೆ ಅಲ್ಲವೇ?" ಎಂದು ಮನೆಯ ಹಿರಿಯರೊಬ್ಬರು ಕೇಳಿದರಂತೆ. ಮನೆ ಚೆಂದ ಇರಲಿ ಎಂದು ಬಯಸುವುದು ತಪ್ಪೇ?

ಉತ್ತರಕ್ಕೆ ಮುಂಚೆ ಆ ಚಿತ್ರಗಳು ಹುಟ್ಟಿದ ನಾಡನ್ನು ನೋಡೋಣ. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಡಿಸೆಂಬರ್ ತಿಂಗಳ ಹಗಲು ಸುಮಾರು 6 ಗಂಟೆ. ಇನ್ನೂ ಉತ್ತರದ ಕಿರುನಾ ಪಟ್ಟಣದಲ್ಲಿ ಕೆಲವು ವಾರ ಸೂರ್ಯ ಹುಟ್ಟುವುದೇ ಇಲ್ಲ. ಅಂಥ ಕಡೆ ಬಿಳಿ ಗೋಡೆ ಬರೀ ಫ್ಯಾಷನ್ ಅಲ್ಲ. ಕಿಟಕಿಯಿಂದ ಬಂದ ಒಂದು ಹಿಡಿ ಬೆಳಕನ್ನು ಒಳಮೂಲೆಯವರೆಗೆ ತಲುಪಿಸುವ ಉಪಾಯ. ದಪ್ಪ ಪರದೆ ಇಲ್ಲ, ಏಕೆಂದರೆ ಅದು ಬೆಳಕನ್ನು ತಿನ್ನುತ್ತದೆ. ಚಾವಣಿಗೆ ಒಂದೇ ದೊಡ್ಡ ದೀಪದ ಬದಲು ಕೂರುವ, ಓದುವ, ಉಣ್ಣುವ ಜಾಗಕ್ಕೊಂದೊಂದು ಸಣ್ಣ ದೀಪ. ಬಡವರ ಒಂದೇ ಕೋಣೆಯ ಮನೆಗಳಲ್ಲಿ ಹಗಲು ಬೆಂಚಾಗಿ, ರಾತ್ರಿ ಎಳೆದರೆ ಹಾಸಿಗೆಯಾಗುವ ಸೋಫಾ. ನೆಲಕ್ಕೆ ಹಳೇ ಬಟ್ಟೆ ಸೀಳಿ ಮಗ್ಗದಲ್ಲಿ ನೇಯ್ದ ಹಾಸು. ನಮ್ಮ ಅವ್ವಂದಿರು ಹಳೇ ಸೀರೆಗಳಿಂದ ಹೊಲಿದ ಕೌದಿಗೆ ಅದು ದೂರದ ಅಕ್ಕತಂಗಿ.

ಆದರೆ ಆ ನಾಡಿನ ಉಳ್ಳವರ ಮನೆಗಳೂ ಒಂದು ಕಾಲಕ್ಕೆ ಕತ್ತಲ ಮನೆಗಳೇ. ಭಾರವಾದ ಪರದೆ, ಕಪ್ಪು ಮರದ ಪೀಠೋಪಕರಣ. ಚಿತ್ರಕಾರ ಕಾರ್ಲ್ ಲಾರ್ಸನ್ ಮತ್ತು ಅವರ ಪತ್ನಿ ಕಾರಿನ್ ಸುಂಡ್‌ಬೋರ್ನ್ ಎಂಬ ಹಳ್ಳಿಯಲ್ಲಿ ಬೆಳಕು ತುಂಬಿದ ಬೇರೆಯೇ ರೀತಿಯ ಮನೆ ಮಾಡಿಕೊಂಡರು. ಬಟ್ಟೆ ನೇಯ್ದವರು, ಪೀಠೋಪಕರಣದ ವಿನ್ಯಾಸ ಮಾಡಿದವರು ಕಾರಿನ್. ಆ ಮನೆಯ ಚಿತ್ರಗಳ ಪುಸ್ತಕ 1899ರಲ್ಲಿ ಬಂತು. ಅದೇ ವರ್ಷ, ಸ್ಟಾಕ್‌ಹೋಮಿನಲ್ಲಿ ಕಾರ್ಮಿಕರಿಗೆ ಪಾಠ ಹೇಳುತ್ತಿದ್ದ ಎಲೆನ್ ಕೇ ಎಂಬ ಲೇಖಕಿ ಒಂದು ಪುಸ್ತಕ ಪ್ರಕಟಿಸಿದರು. ಅದರ ಹೆಸರಿನ ಅರ್ಥ ‘ಎಲ್ಲರಿಗೂ ಸೌಂದರ್ಯ’. ಚೆಲುವು ಉಳ್ಳವರ ಒಡವೆಯಲ್ಲ, ದುಡಿದು ಬಂದವರಿಗೂ ಅದು ಬೇಕು ಎಂಬುದು ಅವರ ವಾದ. ಗಮನಿಸಿ, ಬೆಳಕಿನ ಮನೆಯ ಹಿಂದೆ ಒಂದು ಸಮಾನತೆಯ ಮಾತಿತ್ತು.

1917ರಲ್ಲಿ ಸ್ಟಾಕ್‌ಹೋಮಿನಲ್ಲಿ ‘ಮನೆ ಪ್ರದರ್ಶನ’ ನಡೆಯಿತು. ಒಂದು ಕೋಣೆ, ಒಂದು ಅಡುಗೆಮನೆಯ ಕಾರ್ಮಿಕರ ಮನೆಯನ್ನು ಅಗ್ಗದಲ್ಲಿ ಚೆಂದ ಮಾಡುವುದು ಹೇಗೆ ಎಂದು ತೋರಿಸುವುದು ಉದ್ದೇಶ. ವಿಲ್ಹೆಲ್ಮ್ ಕೋಗೆ ಎಂಬ ಕಲಾವಿದ ಕಾರ್ಮಿಕರಿಗೆಂದೇ ನೀಲಿ ಹೂವಿನ ತಟ್ಟೆಗಳನ್ನು ರೂಪಿಸಿದರು. ಅದನ್ನು ಹೆಚ್ಚಾಗಿ ಕೊಂಡವರು ಮಾತ್ರ ಓದಿದ ಮಧ್ಯಮ ವರ್ಗದವರು. ಬಡವರಿಗೆಂದು ಮಾಡಿದ ಸರಳತೆ ಉಳ್ಳವರ ರುಚಿಯಾಗಿಬಿಡುವುದು ಇಂದಿನ ಕಥೆಯಲ್ಲ, ಅಂದೇ ಶುರುವಾಗಿತ್ತು.

ಅದೇ 1917ರ ಸೆಪ್ಟೆಂಬರ್ ನಮಗೆ ಗೊತ್ತಲ್ಲ? ಕೊಲಂಬಿಯಾದಲ್ಲಿ ಓದಿ ಬಂದ ಬಾಬಾಸಾಹೇಬರು ಬರೋಡಾದಲ್ಲಿ ತಲೆ ಊರಲು ಜಾಗವಿಲ್ಲದೆ, ಹೆಸರು ಮರೆಸಿ ಪಾರ್ಸಿ ಛತ್ರವೊಂದರಲ್ಲಿ ಉಳಿದರು. ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಅವರೇ ಅದನ್ನು ಬರೆದಿದ್ದಾರೆ. ಮಹಡಿಯ ಮೇಲೆ ಮುರಿದ ಸಾಮಾನು ತುಂಬಿದ ಹಾಲ್, ವಿದ್ಯುತ್ ಇಲ್ಲ, ಒಂದು ಸಣ್ಣ ಲಾಟೀನು, ಅದರ ಬೆಳಕು ತುಸು ದೂರಕ್ಕೂ ಹೋಗುತ್ತಿರಲಿಲ್ಲ. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಂದು ಆ ಕತ್ತಲ ಜಾಗದಿಂದಲೂ ಹೊರಗೆ ಹಾಕಿದರು. ಒಂದು ದೇಶದಲ್ಲಿ ಕಾರ್ಮಿಕನ ಕೋಣೆಗೆ ಎಷ್ಟು ಬೆಳಕು ಬೇಕು ಎಂಬ ಚರ್ಚೆ. ಇನ್ನೊಂದು ದೇಶದಲ್ಲಿ, ಅಷ್ಟು ಓದಿದವರಿಗೂ ಕತ್ತಲ ಮೂಲೆ ಕೂಡ ಕೊಡಬಾರದು ಎಂಬ ಹಟ.

ಆದ್ದರಿಂದ ನಮಗೆ ಯಾರಾದರೂ ‘ಆಸೆ ಬಿಡಿ’ ಅಂದಾಗ ನಾನು ತುಸು ನಿಂತು ಯೋಚಿಸುತ್ತೇನೆ. ಊರ ಹೊರಗೆ ಇರಬೇಕು, ಒಡೆದ ಪಾತ್ರೆಯಲ್ಲಿ ಉಣ್ಣಬೇಕು ಎಂದು ಮನುಸ್ಮೃತಿ ನಮ್ಮವರಿಗೆ ವಿಧಿಸಿತ್ತು. ಇದ್ದವರು ಬಿಟ್ಟರೆ ಅದು ತ್ಯಾಗ. ಸಿಗದಂತೆ ಮಾಡಿ, ಆಮೇಲೆ ‘ಬಿಡು’ ಅಂದರೆ ಅದು ಅನ್ಯಾಯ. ನಾನು ಹುಟ್ಟಿದ ಮನೆಗೆ ಕಿಟಕಿ ಇರಲಿಲ್ಲ, ಬಾಗಿಲೇ ಬೆಳಕು. ಆದರೂ ಅವ್ವ ವರ್ಷಕ್ಕೊಮ್ಮೆ ಸುಣ್ಣ ಬಳಿದು, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಿದ್ದಳು. ಅವಳ ಆ ಕೈಯಲ್ಲಿ ನನಗೆ ತೃಷ್ಣೆ ಕಾಣುವುದಿಲ್ಲ. ‘ನಾವೂ ಮನುಷ್ಯರು’ ಎಂಬ ಮಾತು ಕಾಣುತ್ತದೆ.

ಬುದ್ಧರು ಬಡತನವನ್ನು ಹೊಗಳಿದವರಲ್ಲ. ಅನಾಥಪಿಂಡಿಕನಿಗೆ ಗೃಹಸ್ಥನ ನಾಲ್ಕು ಸುಖಗಳನ್ನು ಹೇಳಿದರು. ನ್ಯಾಯವಾಗಿ ದುಡಿದದ್ದು ಇದೆ ಎಂಬ ಸುಖ, ಅದನ್ನು ಅನುಭವಿಸುವ ಮತ್ತು ಅದರಿಂದ ಒಳ್ಳೆಯದನ್ನು ಮಾಡುವ ಸುಖ, ಸಾಲವಿಲ್ಲದ ಸುಖ, ನಿಂದೆಗೆ ಎಡೆಯಿಲ್ಲದ ನಡತೆಯ ಸುಖ. ನಾಲ್ಕನೆಯದೇ ಎಲ್ಲಕ್ಕಿಂತ ದೊಡ್ಡದು ಎಂದರು. ವಿನಯ ಪಿಟಕದಲ್ಲಿ ಭಿಕ್ಖುಗಳಿಗೂ ಮನೆವಾರ್ತೆಯ ಪಾಠವಿದೆ. ಹಾಸಿಗೆಯನ್ನು ಬಿಸಿಲಿಗೆ ಹಾಕಿ ಕೊಡವಬೇಕು, ಜೇಡರ ಬಲೆ ತೆಗೆಯಬೇಕು. ಚಳಿಗಾಲದಲ್ಲಿ ಕಿಟಕಿಯನ್ನು ಹಗಲು ತೆರೆದು ರಾತ್ರಿ ಮುಚ್ಚಬೇಕು. ಬೇಸಿಗೆಯಲ್ಲಿ ಹಗಲು ಮುಚ್ಚಿ ರಾತ್ರಿ ತೆರೆಯಬೇಕು. ಎಷ್ಟು ಸರಳ ಬುದ್ಧಿ ನೋಡಿ! ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಸ್ವೀಡನ್ನಿನವರಂತೆ ಪರದೆ ತೆಗೆದು ಕೂರುವುದು ಜಾಣತನವಲ್ಲ. ಅವರಿಂದ ಕಲಿಯಬೇಕಾದದ್ದು ಅವರ ಬಣ್ಣವನ್ನಲ್ಲ, ನಮ್ಮ ಹವೆಗೆ, ನಮ್ಮ ಜಾಗಕ್ಕೆ ಏನು ಬೇಕೆಂದು ನೋಡುವ ಕಣ್ಣನ್ನು.

ಹಾಗಾದರೆ ಆ ಹಿರಿಯರ ಮಾತಿನಲ್ಲಿ ಹುರುಳಿಲ್ಲವೇ? ಇದೆ. ಫೋಟೊ ತೆಗೆಯಲು ಸಾಧ್ಯವೇ ಇಲ್ಲದಿದ್ದರೂ ಆ ಮೂಲೆದೀಪ ಬೇಕೆನಿಸುತ್ತದೆಯೇ? ಅದರ ಅಡಿ ಕೂತು ಮಗು ಓದುತ್ತದೆಯೇ? ಹೌದಾದರೆ ಅದು ಬದುಕಿಗೆ ಬೇಕಾದ ದೀಪ. ಪಕ್ಕದ ಫ್ಲಾಟಿನವರು ನೋಡಲಿ ಎಂದು ಕಂತಿನ ಮೇಲೆ ತಂದ ಸೋಫಾ, ಮೂರನೆಯ ಸುಖವನ್ನೇ ಕಸಿಯುತ್ತದೆ. ಬಾಬಾಸಾಹೇಬರು 1930ರ ದಶಕದಲ್ಲಿ ದಾದರಿನಲ್ಲಿ ರಾಜಗೃಹ ಕಟ್ಟಿಸಿದರು. ದೊಡ್ಡ ಮನೆಯೇ. ಆದರೆ ಅದರೊಳಗಿನ ಸಂಪತ್ತು ಸಾವಿರಾರು ಪುಸ್ತಕಗಳು. ಮನೆ ಯಾವುದಕ್ಕಾಗಿ ಎಂಬ ಪ್ರಶ್ನೆಗೆ ಅಲ್ಲಿ ಸ್ಪಷ್ಟ ಉತ್ತರವಿತ್ತು.

ಇನ್ನೊಂದು ಮಾತು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. 1928ರಲ್ಲಿ ಸ್ವೀಡನ್ನಿನ ನಾಯಕ ಪೆರ್ ಆಲ್ಬಿನ್ ಹಾನ್ಸನ್ ಇಡೀ ದೇಶವೇ ಒಂದು ಒಳ್ಳೆಯ ಮನೆಯಾಗಬೇಕು, ಅಲ್ಲಿ ಮುದ್ದಿನ ಮಕ್ಕಳೂ ಮಲಮಕ್ಕಳೂ ಇರಬಾರದು ಎಂಬ ಅರ್ಥದ ಭಾಷಣ ಮಾಡಿದರು. ಮುಂದೆ 1965ರಿಂದ 1974ರವರೆಗೆ ಸುಮಾರು 10 ಲಕ್ಷ ಮನೆಗಳನ್ನು ಕಟ್ಟಿದರು. ದೊಡ್ಡ ಸಾಧನೆ. ಆದರೂ ಆ ಮನೆಗೆ ಮಲಮಕ್ಕಳಿದ್ದರು. ಭಾಷೆಯ ಬೇರು ನಮ್ಮ ನೆಲದಲ್ಲೇ ಇರುವ ರೋಮಾ ಜನ, ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಅಲ್ಲಿ ಡೇರೆಗಳಲ್ಲಿದ್ದರು. ಒಂದೇ ಕಡೆ ಹೆಚ್ಚು ದಿನ ನಿಲ್ಲಲು ಊರಿನ ಆಡಳಿತ ಬಿಡುತ್ತಿರಲಿಲ್ಲ. ಅವರಲ್ಲೊಬ್ಬರಾದ ಕತರೀನಾ ತೈಕೋನ್ ದೊಡ್ಡವರಾದ ಮೇಲೆ ಅಕ್ಷರ ಕಲಿತು, 1963ರಲ್ಲಿ ತಮ್ಮ ಬದುಕಿನ ಪುಸ್ತಕ ತಂದು, ತಮ್ಮ ಜನರ ಮನೆ ಮತ್ತು ಶಾಲೆಗಾಗಿ ಹೋರಾಡಿದರು. ಒಳಗೆ ಎಷ್ಟೇ ಬೆಳಕಿದ್ದರೂ, ಬಾಗಿಲು ಯಾರಿಗೆ ಮುಚ್ಚಿದೆ ಎಂಬುದೇ ಮನೆಯ ನಿಜವಾದ ಅಳತೆ ಎಂದು ಅವರ ಬದುಕು ಹೇಳುತ್ತದೆ.

ಜಾತಿ ಕೇಳಿ ಬಾಡಿಗೆ ಮನೆ ಇಲ್ಲ ಎನ್ನುವವರನ್ನು ನಾವು ಕಂಡಿದ್ದೇವೆ. ಹಾಗಾದರೆ ನಾವು ಬೆಳಗಿದ ಮನೆಯ ಬಾಗಿಲು ಹೇಗಿದೆ? ಬೀದಿ ಗುಡಿಸುವ ಅಕ್ಕ ಬಂದರೆ ಆ ತಿಳಿಬಣ್ಣದ ಕುರ್ಚಿಯಲ್ಲಿ ಕೂರುತ್ತಾಳೆಯೇ? ನಾವು ಕುಡಿಯುವ ಲೋಟದಲ್ಲೇ ಅವಳಿಗೂ ನೀರು ಕೊಡುತ್ತೇವೆಯೇ? ನಮ್ಮೊಳಗಿನ ಒಳಜಾತಿಯ ಗೆರೆಗಳನ್ನು ಹೊಸ ಬಿಳಿ ಬಣ್ಣ ನಿಜವಾಗಿ ಅಳಿಸಿದೆಯೇ, ಅಥವಾ ಮೇಲೆ ಮುಚ್ಚಿದೆಯೇ?

ಆ ತಂಗಿಗೆ ನನ್ನ ಉತ್ತರ ಇಷ್ಟು. ಗೋಡೆಗೆ ಬಿಳಿ ಬಳಿಯಿರಿ, ದೀಪ ಹಚ್ಚಿ, ಗಿಡ ಇಡಿ. ಸಾಲ ಮಾಡಬೇಡಿ. ಅವ್ವನ ಕೌದಿಯನ್ನು ಅಟ್ಟದಿಂದ ಇಳಿಸಿ ಹಾಸಿ. ಬಂದವರು ಮುದುಡದೆ ಕೂರುವಂತಿರಲಿ.

*ಇಂದಿನ ಅಭ್ಯಾಸ:* ಮನೆಯಲ್ಲಿ ಅತಿ ಕತ್ತಲ ಮೂಲೆ ಯಾವುದು, ಅಲ್ಲಿ ಹೆಚ್ಚು ಹೊತ್ತು ದುಡಿಯುವವರು ಯಾರು ಎಂದು ನೋಡಿ. ಹಲವರ ಮನೆಯಲ್ಲಿ ಅದು ಅಡುಗೆಮನೆ. ಮೊದಲ ದೀಪ ಅಲ್ಲಿಗೆ ಹೋಗಲಿ. ಸಂಜೆ ವಂದನೆಯ ನಂತರ ಐದು ನಿಮಿಷ ಮೌನವಾಗಿ ಕೂತು, ಈ ವರ್ಷ ನಮ್ಮ ಹೊಸಿಲು ದಾಟಿ ಒಳಬಂದವರು ಯಾರು, ಬಾರದವರು ಯಾರು ಎಂದು ನೆನೆಯಿರಿ. ಬಾರದವರಲ್ಲಿ ಒಬ್ಬರನ್ನು ಈ ಭಾನುವಾರ ಊಟಕ್ಕೆ ಕರೆಯಿರಿ.

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ, ಜೈ ಭೀಮ್.